ಲಂಡನ್ನಿನಲ್ಲಿ ಓದುವ ಮಕ್ಕಳ ದಿನಚರಿ: ಪೋಷಕರ ಗಮನಕ್ಕೆ

ವಿದೇಶದಲ್ಲಿ ಓದುತ್ತಿರುವ ಮಕ್ಕಳು ಊರು ಸುತ್ತುವ ಫೋಟೋ ಕಳಿಸಿದರೆ ಗುಂಡ್ಲುಪೇಟೆ, ಚಾಮರಾಜನಗರದ ಪೋಷಕರು ನಮ್ಮ ಬಳಿ ಬಂದು ಕೇಳುತ್ತಾರೆ: ಸಾಲ ಮಾಡಿ ಕಳಿಸಿದ ಹಣ ಹೀಗೆ ಹೋಗುತ್ತಿದೆಯೇ? ಲಂಡನ್ನಿನ ಮಟ್ಟಿಗೆ ಆ ಭಯ ಬೇಡ. ಅಲ್ಲಿ ನೋಡತಕ್ಕ ಹಲವು ಸ್ಥಳಗಳಿಗೆ ಟಿಕೆಟ್ಟೇ ಇಲ್ಲ. ಬ್ರಿಟಿಷ್ ಮ್ಯೂಸಿಯಂ ಉಚಿತ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಕೂಡ ಉಚಿತ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರು ಒಯ್ದ ಟಿಪ್ಪು ಸುಲ್ತಾನರ ಮರದ ಹುಲಿ ಇರುವುದು ಅಲ್ಲಿಯೇ. ನಮ್ಮ ಪಕ್ಕದ ಊರಿನ ವಸ್ತುವನ್ನು ನಮ್ಮ ಮಕ್ಕಳು ಅಷ್ಟು ದೂರ ಹೋಗಿ ನೋಡಬೇಕಾಗಿದೆ, ಇರಲಿ. ಥೇಮ್ಸ್ ದಡದಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯೂ ಇದೆ.

ಹಣ ಕರಗುವುದು ಕೋಣೆಯ ಬಾಡಿಗೆಗೆ. ಓಡಾಟಕ್ಕೆ ಸುರಂಗ ರೈಲಿಗಿಂತ ಬಸ್ಸು ಅಗ್ಗ. ಒಮ್ಮೆ ಕೊಟ್ಟ ದರದಲ್ಲೇ ಒಂದು ಗಂಟೆಯೊಳಗೆ ಬೇರೆ ಬಸ್ಸು ಹತ್ತಬಹುದು. ಹೊರಡುವ ಮುಂಚೆ ಅಡುಗೆ ಕಲಿಯಲಿ, ಗಂಡುಮಕ್ಕಳೂ ಸಹ. ಪದವಿ ವಿದ್ಯಾರ್ಥಿಗಳು ತರಗತಿಗಳಿರುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಆ ಸಂಪಾದನೆಯನ್ನೇ ನಂಬಿ ಹೋಗುವುದು ತಪ್ಪು.

ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಮಗ್ರಿಬ್ ಆಗುತ್ತದೆ, ಜೂನಿನಲ್ಲಿ ರಾತ್ರಿ ಒಂಬತ್ತು ದಾಟಿದ ಮೇಲೆ. ಆ ಕತ್ತಲ ತಿಂಗಳುಗಳಲ್ಲಿ ಯಾರೊಡನೆಯೂ ಬೆರೆಯದೆ ಕೋಣೆ ಸೇರಿದ ಮಗುವಿನ ಬಗ್ಗೆಯೇ ನಮಗೆ ಹೆಚ್ಚು ಚಿಂತೆ. ಫೋಟೋ ಬಂದರೆ ಬೈಯಬೇಡಿ. ಊಟ ಆಯಿತೇ ಎಂದು ಕೇಳಿ.

ಈ ಸಲ ಅರ್ಜಿಯೊಂದಿಗೆ ತಿಂಗಳ ಖರ್ಚಿನ ಅಂದಾಜನ್ನೂ ಲಗತ್ತಿಸಬೇಕು. ಬಾಡಿಗೆ, ಊಟ, ಬಸ್ಸು ಬೇರೆ ಬೇರೆ ಬರೆಯಿರಿ. ಸುತ್ತಾಟದ ಖರ್ಚನ್ನೂ ಸಂಕೋಚವಿಲ್ಲದೆ ಸೇರಿಸಿ.