ಒಡಹುಟ್ಟಿದವರಲ್ಲಿ ರೂಪಭೇದ: ಬೀಜವೆಷ್ಟು, ಕ್ಷೇತ್ರವೆಷ್ಟು?

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬುದು ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ಮಾತು. ಆದರೆ ಆ ತಾಯಿಗೆ ಇಬ್ಬರು ಹೆಣ್ಣುಮಕ್ಕಳಿದ್ದು, ಒಬ್ಬಳು ತಾಯಿಯ ಪಡಿಯಚ್ಚಿನಂತೆಯೂ ಇನ್ನೊಬ್ಬಳು ಮನೆಯಲ್ಲಿ ಯಾರನ್ನೂ ಹೋಲದಂತೆಯೂ ಬೆಳೆದರೆ, ಗಾದೆಗೆ ಉತ್ತರವಿಲ್ಲ. ಆಗ ಆರಂಭವಾಗುವುದು ಜನರ ಮಾತು. ಒಬ್ಬಳ ಮೈಬಣ್ಣವನ್ನು ಹೊಗಳಿ ಇನ್ನೊಬ್ಬಳನ್ನು ಕನಿಕರದಿಂದ ನೋಡುವವರುಂಟು. ತಾಯಿಯ ಶೀಲವನ್ನೇ ಶಂಕಿಸುವ ನಿಷ್ಠುರರೂ ಉಂಟು. ಶಾಲೆಯಲ್ಲಿಯೂ ಅಣ್ಣನನ್ನು ಕಂಡ ಕಣ್ಣಿನಿಂದಲೇ ತಮ್ಮನನ್ನು ಅಳೆಯುವ ರೂಢಿ ಅಪರೂಪವಲ್ಲ. ಆದುದರಿಂದ ಒಂದೇ ತಂದೆತಾಯಿಗಳ ಮಕ್ಕಳು ರೂಪದಲ್ಲಿ ಭಿನ್ನರಾಗುವುದೇಕೆ ಎಂಬ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಅದು ಮಕ್ಕಳ ಮಾನಕ್ಕೂ ಆರೋಗ್ಯಕ್ಕೂ ಸಂಬಂಧಿಸಿದ್ದು.

ಪ್ರಾಚೀನರು ಈ ವಿಷಯವನ್ನು ಬೀಜ, ಕ್ಷೇತ್ರ ಎಂಬ ಎರಡು ಪದಗಳಿಂದ ಚರ್ಚಿಸಿದರು. ತಂದೆ ಬೀಜ, ತಾಯಿ ಕ್ಷೇತ್ರ. ಇವುಗಳಲ್ಲಿ ಯಾವುದು ಹೆಚ್ಚು ಎಂಬ ವಿಚಾರ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಬಂದಿದೆ. ಆಧುನಿಕ ಜೀವವಿಜ್ಞಾನವು ಈ ಪದಗಳ ಅರ್ಥವನ್ನು ತಿದ್ದಿದೆ. ಬೀಜವನ್ನು ಕೊಡುವವರು ತಂದೆತಾಯಿಗಳಿಬ್ಬರೂ. ಕ್ಷೇತ್ರವೆಂದರೆ ತಾಯಿಯ ಗರ್ಭ ಮೊದಲ್ಗೊಂಡು ಅನ್ನ, ನೀರು, ಬಿಸಿಲು, ರೋಗ, ದುಡಿಮೆಗಳವರೆಗಿನ ಸಮಸ್ತ ಪರಿಸರ.

ಬೀಜದ ಗುಟ್ಟನ್ನು ಮೊದಲು ಬಿಡಿಸಿದವನು ಒಂದು ಕ್ರೈಸ್ತ ಮಠದ ಸನ್ಯಾಸಿ. ಇಂದಿನ ಚೆಕ್ ಗಣರಾಜ್ಯದ ಬ್ರನೋ ನಗರದ ಮಠದಲ್ಲಿದ್ದು, ಅಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಗ್ರೆಗರ್ ಮೆಂಡೆಲ್ (1822–1884), ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ವರ್ಷಗಟ್ಟಲೆ ಬೆಳೆಸಿ ಪರೀಕ್ಷಿಸಿದನು. ದುಂಡು ಕಾಳಿನ ತಳಿಯನ್ನು ಸುಕ್ಕುಗಾಳಿನ ತಳಿಯೊಡನೆ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ದೊರೆತವೆಲ್ಲ ದುಂಡು ಕಾಳುಗಳೇ. ಅವುಗಳಿಂದ ಬೆಳೆದ ಮುಂದಿನ ಪೀಳಿಗೆಯಲ್ಲಿ 5,474 ದುಂಡು ಕಾಳುಗಳೂ 1,850 ಸುಕ್ಕುಗಾಳುಗಳೂ ಬಂದುವು. ಅಳಿಯಿತೆಂದುಕೊಂಡ ಗುಣ ಅಳಿದಿರಲಿಲ್ಲ, ಅಡಗಿತ್ತು. 1866ರಲ್ಲಿ ಪ್ರಕಟವಾದ ಈ ಶೋಧವನ್ನು ವಿದ್ವಾಂಸರು ಗಮನಿಸಿದ್ದು 1900ರಲ್ಲಿ, ಆತ ತೀರಿಕೊಂಡ ಹದಿನಾರು ವರ್ಷಗಳ ಮೇಲೆ. ತಂದೆತಾಯಿಗಳಲ್ಲಿ ಕಾಣದ ಚಹರೆ ಮೊಮ್ಮಕ್ಕಳಲ್ಲಿ ತಲೆದೋರುವುದರ ಮರ್ಮ ಇದರಿಂದ ತಿಳಿಯಿತು.

ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆಯೆಂಬುದು 1956ರಲ್ಲಿ ಸ್ಥಿರಪಟ್ಟಿತು. ಅವು 23 ಜೋಡಿಗಳಾಗಿ ಇರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದದ್ದು. ಸಂತಾನಕ್ಕಾಗಿ ಅಂಡಾಣುವೋ ವೀರ್ಯಾಣುವೋ ರೂಪುಗೊಳ್ಳುವಾಗ ಪ್ರತಿ ಜೋಡಿಯಿಂದ ಒಂದು ತಂತು ಮಾತ್ರ ಅದರೊಳಗೆ ಸೇರುತ್ತದೆ. ಯಾವುದು ಸೇರಬೇಕೆಂಬುದು ಕವಡೆ ಎಸೆದಂತೆ ಆಕಸ್ಮಿಕ. ಹೀಗೆ ಒಬ್ಬ ವ್ಯಕ್ತಿಯಿಂದ 83,88,608 ಬಗೆಯ ಜೋಡಣೆಗಳು ಸಾಧ್ಯ. ದಂಪತಿಗಳಿಬ್ಬರ ಲೆಕ್ಕವನ್ನು ಗುಣಿಸಿದರೆ ಅದು 70 ಲಕ್ಷ ಕೋಟಿಯನ್ನು ಮೀರುತ್ತದೆ. ಇದಲ್ಲದೆ ಜೋಡಿಯ ತಂತುಗಳು ಬೇರ್ಪಡುವ ಮುನ್ನ ತಮ್ಮ ತುಂಡುಗಳನ್ನು ಪರಸ್ಪರ ಅದಲುಬದಲು ಮಾಡಿಕೊಳ್ಳುತ್ತವೆ. ಒಡಹುಟ್ಟಿದವರು ತಂದೆತಾಯಿಗಳಿಂದ ಬಂದ ವಂಶವಾಹಿಗಳಲ್ಲಿ ಸರಾಸರಿ ಅರ್ಧದಷ್ಟನ್ನು ಹಂಚಿಕೊಂಡಿರುತ್ತಾರೆಂಬುದು ಗಣಿತದ ಮಾತು. ವಾಸ್ತವದಲ್ಲಿ ಈ ಪಾಲು ಒಂದೇ ಸಮನಲ್ಲ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅದು ಸುಮಾರು ಶೇ. 37ರಿಂದ 62ರವರೆಗೆ ಹರಡಿತ್ತು. ಒಡಹುಟ್ಟಿದವರು ಬೇರೆಬೇರೆಯಾಗಿ ಕಾಣುವುದು ಆಶ್ಚರ್ಯವಲ್ಲ. ಒಂದೇ ತೆರನಾಗಿ ಕಂಡರೆ ಅದೇ ಆಶ್ಚರ್ಯ.

ಮೈಬಣ್ಣದ ವಿಷಯವನ್ನೇ ತೆಗೆದುಕೊಳ್ಳಬಹುದು. ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯದ ಪ್ರಮಾಣವನ್ನು ಅನೇಕ ವಂಶವಾಹಿಗಳು ಕೂಡಿ ನಿರ್ಧರಿಸುತ್ತವೆ. ಅವುಗಳಲ್ಲೊಂದಾದ ಎಸ್‌ಎಲ್‌ಸಿ24ಎ5 ಎಂಬುದರ ಪಾತ್ರ 2005ರಲ್ಲಿ ಬೆಳಕಿಗೆ ಬಂದಿತು. ಬಣ್ಣವನ್ನು ತಿಳಿಯಾಗಿಸುವ ಇದರ ರೂಪವು ಭಾರತ ಉಪಖಂಡದಲ್ಲಿ ವ್ಯಾಪಕವಾಗಿ, ಆದರೆ ಸಮುದಾಯದಿಂದ ಸಮುದಾಯಕ್ಕೆ ಏರುಪೇರಾಗಿ ಹರಡಿದೆಯೆಂದು 2013ರ ಅಧ್ಯಯನವೊಂದು ತೋರಿಸಿತು. ತಂದೆತಾಯಿಗಳಿಬ್ಬರಲ್ಲಿಯೂ ಈ ರೂಪದ ಒಂದೊಂದು ಪ್ರತಿ ಇದ್ದರೆ, ಮಗುವಿಗೆ ಎರಡೂ ದೊರೆಯಬಹುದು, ಒಂದು ದೊರೆಯಬಹುದು, ಒಂದೂ ದೊರೆಯದಿರಬಹುದು. ಸಮಾನವರ್ಣದ ದಂಪತಿಗಳಿಗೆ ಒಂದು ಎಣ್ಣೆಗಪ್ಪಿನ ಮಗು, ಒಂದು ಗೋಧಿವರ್ಣದ ಮಗು ಜನಿಸುವುದು ಹೀಗೆ. ಇದರಲ್ಲಿ ತಾಯಿಯ ತಪ್ಪೂ ಇಲ್ಲ, ಮಗುವಿನ ಕೊರತೆಯೂ ಇಲ್ಲ. ಬಿಸಿಲಿನಲ್ಲಿ ದುಡಿಯುವ ಮಗನ ಬಣ್ಣ ನೆರಳಿನಲ್ಲಿ ಓದುವ ಮಗನ ಬಣ್ಣಕ್ಕಿಂತ ಗಾಢವಾಗುವುದಾದರೋ ಕ್ಷೇತ್ರದ ಕೆಲಸ.

ಇಲ್ಲಿ ಉಪಾಧ್ಯಾಯರು ಗಮನಿಸಬೇಕಾದ ಒಂದು ಅಂಶವುಂಟು. ನಾಲಿಗೆಯನ್ನು ಕೊಳವೆಯಂತೆ ಮಡಿಸುವುದು, ಕಿವಿಯ ಹಾಲೆ ಕೆನ್ನೆಗೆ ಅಂಟಿರುವುದು, ಇವು ಒಂದೊಂದೇ ವಂಶವಾಹಿಯ ಫಲವೆಂದು ಬೋಧಿಸುವ ಪದ್ಧತಿ ಬಹುಕಾಲ ನಡೆಯಿತು. ಆದರೆ ಏಕರೂಪಿ ಅವಳಿಗಳಲ್ಲಿಯೇ ಒಬ್ಬರು ನಾಲಿಗೆ ಮಡಿಸಬಲ್ಲವರಾಗಿ ಇನ್ನೊಬ್ಬರು ಮಡಿಸಲಾರದವರಾಗಿ ಇರುವುದು 1952ರಲ್ಲಿಯೇ ಕಂಡುಬಂದಿತ್ತು. ಕಿವಿಹಾಲೆಗೆ ಸಂಬಂಧಿಸಿದ 49 ಸ್ಥಾನಗಳನ್ನು 2017ರಲ್ಲಿ ಗುರುತಿಸಲಾಯಿತು. ಇಂತಹ ಪಾಠವನ್ನು ನಂಬಿದ ಬಾಲಕನೊಬ್ಬನು ತನ್ನ ಕಿವಿಯನ್ನೂ ತಂದೆಯ ಕಿವಿಯನ್ನೂ ಹೋಲಿಸಿ ಇಲ್ಲದ ಸಂದೇಹಕ್ಕೆ ಬಿದ್ದರೆ ಅದರ ಹೊಣೆ ಪಾಠದ್ದೇ.

ಏಕರೂಪಿ ಅವಳಿಗಳು ಒಂದೇ ಅಂಡಾಣುವಿನಿಂದ ಹುಟ್ಟಿದವರು; ಅವರ ಬೀಜವೂ ಒಂದೇ ಎನ್ನಬಹುದು. ಆದರೂ ಅವರ ಬೆರಳಿನ ಗುರುತುಗಳು ಭಿನ್ನವಾಗಿರುತ್ತವೆ. ಗರ್ಭದಲ್ಲಿ ಬೆರಳುಗಳು ಬೆಳೆಯುವಾಗಿನ ಸಣ್ಣಪುಟ್ಟ ವ್ಯತ್ಯಾಸಗಳೇ ಇದಕ್ಕೆ ಸಾಕು. ಕ್ಷೇತ್ರದ ಕೈವಾಡ ಹುಟ್ಟಿಗೆ ಮೊದಲೇ ಆರಂಭವಾಗಿರುತ್ತದೆ.

ಕ್ಷೇತ್ರದ ಬಲ ಸ್ಪಷ್ಟವಾಗಿ ಕಾಣುವುದು ದೇಹದ ಎತ್ತರದಲ್ಲಿ. ಸಾಕಷ್ಟು ಆಹಾರವುಳ್ಳ ಸಮಾಜಗಳಲ್ಲಿ ಜನರ ಎತ್ತರದ ವ್ಯತ್ಯಾಸಕ್ಕೆ ಸುಮಾರು ಶೇ. 80ರಷ್ಟು ಆನುವಂಶಿಕ ಕಾರಣಗಳೆಂದು ಅಂದಾಜು. ಅದಕ್ಕೆ ಸಂಬಂಧಿಸಿದ 12,000ಕ್ಕೂ ಹೆಚ್ಚು ವ್ಯತ್ಯಾಸಗಳನ್ನು 2022ರಲ್ಲಿ ಪಟ್ಟಿಮಾಡಲಾಯಿತು. ಆದರೆ ಈ ಲೆಕ್ಕವು ಹೊಟ್ಟೆ ತುಂಬಿದವರದು. ದಕ್ಷಿಣ ಕೊರಿಯದ ಹೆಂಗಸರ ಸರಾಸರಿ ಎತ್ತರ ಒಂದು ಶತಮಾನದಲ್ಲಿ ಸುಮಾರು 20 ಸೆಂಟಿಮೀಟರ್ ಏರಿತು. ಅಷ್ಟರಲ್ಲಿ ಬೀಜ ಬದಲಾಗಲಿಲ್ಲ; ಬದಲಾದುದು ಅನ್ನ, ಆರೋಗ್ಯ.

ಒಂದೇ ಮನೆಯೊಳಗೂ ಕ್ಷೇತ್ರ ಎಲ್ಲರಿಗೂ ಸಮನಲ್ಲ. ಸೀಮಾ ಜಯಚಂದ್ರನ್ ಮತ್ತು ರೋಹಿಣಿ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತದ ಮಕ್ಕಳನ್ನು ಸಹಾರಾದ ದಕ್ಷಿಣಕ್ಕಿರುವ ಆಫ್ರಿಕದ ಮಕ್ಕಳೊಡನೆ ಹೋಲಿಸಿದರು. ಭಾರತದ ಚೊಚ್ಚಲ ಮಕ್ಕಳು ಎತ್ತರದಲ್ಲಿ ಹಿಂದೆ ಬಿದ್ದಿರಲಿಲ್ಲ. ಎರಡನೆಯ ಮಗುವಿನಿಂದ ಕೊರತೆ ತೋರಿ, ಅನಂತರದವರಲ್ಲಿ ಹೆಚ್ಚುತ್ತ ಹೋಗಿತ್ತು. ಹಿರಿಯ ಮಗನ ಮೇಲಣ ಪಕ್ಷಪಾತವನ್ನು ಅವರು ಮುಖ್ಯ ಕಾರಣವಾಗಿ ಕಂಡರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ತಂಗಿ ಗಿಡ್ಡಳಾದುದಕ್ಕೆ ‘ನಮ್ಮ ವಂಶವೇ ಹಾಗೆ’ ಎಂದು ಹೇಳಿ ಕೈತೊಳೆದುಕೊಳ್ಳುವ ಮುನ್ನ, ಅವಳ ತಟ್ಟೆಗೆ ಬಿದ್ದದ್ದೇನು ಎಂದು ನೋಡಬೇಕಾಗಿದೆ. ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಪಂಕ್ತಿಯಲ್ಲಿ ಅಕ್ಕ, ತಮ್ಮ, ತಂಗಿ ಎಲ್ಲರಿಗೂ ಒಂದೇ ಸೌಟು. ಮನೆಯ ಪಂಕ್ತಿಯೂ ಹಾಗೆಯೇ ಆಗಬೇಕು. ಶಾಲೆಗೆ ಬರುವ ಮೊದಲಿನ ವರ್ಷಗಳಲ್ಲಂತೂ ಇದು ಅತ್ಯಗತ್ಯ.

ಒಟ್ಟಿನಲ್ಲಿ, ಮೂಗು, ಕಣ್ಣು, ಮೈಬಣ್ಣಗಳ ಭೇದ ಬಹುಮಟ್ಟಿಗೆ ಬೀಜದ ಆಕಸ್ಮಿಕ. ಅದಕ್ಕಾಗಿ ಯಾರನ್ನೂ ಹೊಗಳುವುದಾಗಲಿ ಹಳಿಯುವುದಾಗಲಿ ಸಲ್ಲದು. ಕುಗ್ಗಿದ ಬೆಳವಣಿಗೆ ಬಹಳಷ್ಟು ಸಂದರ್ಭಗಳಲ್ಲಿ ಕ್ಷೇತ್ರದ ಲೋಪ. ಅದನ್ನು ತಿದ್ದುವುದು ಹಿರಿಯರ ಕರ್ತವ್ಯ. ಇವೆರಡರ ಅಂತರವನ್ನು ಅರಿತ ತಂದೆತಾಯಿಗಳೂ ಉಪಾಧ್ಯಾಯರೂ ತಮ್ಮನನ್ನು ಅಣ್ಣನ ಅಳತೆಗೋಲಿನಿಂದ ಅಳೆಯಲಾರರು. ತಂಗಿಯ ಪಾಲಿನ ಹಾಲನ್ನು ಅಣ್ಣನ ಬಟ್ಟಲಿಗೆ ಸುರಿಯಲಾರರು.