ದೇಹದ ಸೆಳೆತ, ಮಾತಿನ ಕೊಂಕು: ಒಂದು ಶಬ್ದಾರ್ಥ ವಿವೇಚನೆ

ದೇಹದ ಸ್ಥಿತಿಯನ್ನು ಸೂಚಿಸುವ ಪದಗಳು ಕಾಲಕ್ರಮದಲ್ಲಿ ಮನೋಧರ್ಮವನ್ನು ಸೂಚಿಸುವ ಪದಗಳಾಗಿ ಬೆಳೆಯುವುದು ಹಲವು ಭಾಷೆಗಳಲ್ಲಿ ಕಂಡುಬರುವ ಸಂಗತಿ. ಸ್ನಾಯುಸೆಳೆತ ಹಾಗೂ ಸಿನಿಕತನಕ್ಕೆ ಸಂಬಂಧಿಸಿದ ಪದಗಳು ಇದಕ್ಕೆ ಉತ್ತಮ ನಿದರ್ಶನ. ಮೇಲ್ನೋಟಕ್ಕೆ ಸಂಬಂಧವಿಲ್ಲದಂತೆ ತೋರುವ ಈ ಎರಡು ಅರ್ಥವಲಯಗಳು ಮನುಷ್ಯನ ಮುಖದಲ್ಲಿ ಸಂಧಿಸುತ್ತವೆ.

ಕನ್ನಡದ ‘ಸಿನಿಕ’ ಪದವು ಇಂಗ್ಲಿಷಿನ ಮೂಲಕ ಬಂದುದು. ಇದರ ಮೂಲವಾದ ಗ್ರೀಕಿನ ‘ಕುನಿಕೋಸ್’ ಎಂಬುದಕ್ಕೆ ‘ನಾಯಿಯಂತಹ’ ಎಂದರ್ಥ. ಗ್ರೀಕಿನ ‘ಕುಓನ್’ ಮತ್ತು ಸಂಸ್ಕೃತದ ‘ಶ್ವನ್’ ಜ್ಞಾತಿಪದಗಳು. ಕ್ರಿ.ಪೂ. 4ನೆಯ ಶತಮಾನದ ಡಯೋಜಿನಿಸನು ಲೋಕಮರ್ಯಾದೆಯನ್ನು ಲೆಕ್ಕಿಸದೆ ಬೀದಿಯಲ್ಲಿ ಬಾಳಿದುದರಿಂದ ಅವನಿಗೆ ನಾಯಿಯೆಂಬ ಹೆಸರು ಅಂಟಿತು. ಪಂಥದ ಹೆಸರನ್ನು ಆಂಟಿಸ್ಥೆನೀಸನು ಬೋಧಿಸಿದ ಕುನೋಸಾರ್ಗೆಸ್ ವ್ಯಾಯಾಮಶಾಲೆಗೆ ಜೋಡಿಸುವ ಪ್ರಾಚೀನ ವಿವರಣೆಯೂ ಉಂಟು. ಸದ್ಗುಣವೊಂದೇ ಸಾಕೆಂದು ಸಾರಿದ ಪಂಥದ ಹೆಸರು ಇಂದು ಯಾರ ಸದ್ಗುಣವನ್ನೂ ನಂಬದ ಮನೋಭಾವಕ್ಕೆ ಸಲ್ಲುತ್ತಿರುವುದು ಅರ್ಥವಿಪರ್ಯಾಸವೇ ಸರಿ.

ಇದೇ ವಿಶೇಷಣವು ವೈದ್ಯಕ್ಕೂ ಸಂದಿತು. ಕ್ರಿ.ಶ. 1ನೆಯ ಶತಮಾನದ ರೋಮನ್ ಲೇಖಕ ಸೆಲ್ಸಸನು ಮುಖದ ವ್ಯಾಧಿಯೊಂದನ್ನು ಗ್ರೀಕರು ‘ಕುನಿಕೋಸ್ ಸ್ಪಾಸ್ಮೋಸ್’ ಅಂದರೆ ‘ನಾಯಿಸೆಳೆತ’ ಎನ್ನುವರೆಂದು ದಾಖಲಿಸಿದ್ದಾನೆ. ತಿರಸ್ಕಾರ ತೋರುವಾಗ ಮನುಷ್ಯನು ಮೇಲ್ದುಟಿಯನ್ನು ಒಂದು ಬದಿಗೆ ಎತ್ತಿ ಕೋರೆಹಲ್ಲು ಕಾಣಿಸುವುದನ್ನು ಡಾರ್ವಿನ್ 1872ರ ತನ್ನ ಗ್ರಂಥದಲ್ಲಿ ಚರ್ಚಿಸಿದ್ದಾನೆ. ವ್ಯಂಗ್ಯಕ್ಕೆ ಇಂಗ್ಲಿಷಿನಲ್ಲಿರುವ ‘ಸಾರ್ಕಾಸಂ’ ಎಂಬುದೂ ಮಾಂಸವನ್ನು ಹರಿಯುವ ಕ್ರಿಯೆಯನ್ನು ಹೇಳುವ ಗ್ರೀಕ್ ಧಾತುವಿನಿಂದ ಹುಟ್ಟಿದೆ. ವ್ಯಾಧಿಯಲ್ಲಿ ಅನೈಚ್ಛಿಕವಾಗಿ ಮೂಡುವ ಚಹರೆಯೇ ತಿರಸ್ಕಾರದಲ್ಲಿ ಇಚ್ಛಾಪೂರ್ವಕವಾಗಿ ಮೂಡುತ್ತದೆ.

‘ಸ್ಪಾಸ್ಮೋಸ್’ ಪದದ ಧಾತ್ವರ್ಥ ‘ಎಳೆ, ಸೆಳೆ’. ಕನ್ನಡದ ‘ಸೆಳೆತ’ವೂ ‘ಸೆಳೆ’ ಧಾತುವಿನಿಂದಲೇ ನಿಷ್ಪನ್ನವಾಗಿದೆ. ಇವು ಜ್ಞಾತಿಪದಗಳಲ್ಲ, ಸಮಾನವಾದ ದೇಹಾನುಭವವು ಎರಡು ಭಾಷಾವರ್ಗಗಳಲ್ಲಿ ಸ್ವತಂತ್ರವಾಗಿ ಒಂದೇ ರೂಪಕವನ್ನು ಹುಟ್ಟಿಸಿದೆ. ಮೀನಖಂಡದ ‘ಸೆಳೆತ’, ಸೊಂಟದ ‘ಉಳುಕು’, ಕಣ್ಣಿನ ‘ಅದುರು’, ಕತ್ತಿನ ‘ಹಿಡಿತ’ ಎಂಬವು ಪರ್ಯಾಯಪದಗಳಲ್ಲ. ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಂಡರೆ ಹೋಗುವುದೆಂಬ ನಂಬಿಕೆಯಿರುವುದು ಉಳುಕಿಗೆ. ಶಕುನದ ಫಲ ಹೇಳುವುದು ಕಣ್ಣು ಅದುರುವುದಕ್ಕೆ. ಹೀಗೆ ಪ್ರತಿಯೊಂದು ಪದಕ್ಕೂ ಅದರದೇ ಆಚರಣೆಯ ನೆಲೆಯಿದೆ.

ದೇಹದಿಂದ ಮನೋಧರ್ಮಕ್ಕೆ ಸಾಗುವ ಅರ್ಥವಿಸ್ತಾರ ಕನ್ನಡದಲ್ಲಿಯೂ ಸ್ಪಷ್ಟವಾಗಿದೆ. ‘ಸೆಟೆ’ ಎಂಬುದು ಸ್ನಾಯು ಬಿಗಿಯುವುದನ್ನೂ ಗರ್ವದಿಂದ ನಿಲ್ಲುವುದನ್ನೂ ಹೇಳುತ್ತದೆ. ‘ಕೊಂಕು’ ಎಂದರೆ ಬಾಗು, ಡೊಂಕು. ಅದೇ ‘ಕೊಂಕುನುಡಿ’ಯಲ್ಲಿ ಚುಚ್ಚುಮಾತಾಗುತ್ತದೆ. ‘ಮೂಗು ಮುರಿ’ ಎಂಬ ನುಡಿಗಟ್ಟಿನಲ್ಲಿ ಮುಖದ ಚಲನೆಯೇ ತಾತ್ಸಾರದ ಹೆಸರಾಗಿದೆ. ಆಯುರ್ವೇದವು ‘ಆಕ್ಷೇಪಕ’ವೆಂದು ಕರೆಯುವ ಸೆಳೆತದ ರೋಗಕ್ಕೂ, ತಕರಾರು ಎಂಬರ್ಥದ ‘ಆಕ್ಷೇಪ’ಕ್ಕೂ ‘ಎಸೆ’ ಎಂಬರ್ಥದ ‘ಕ್ಷಿಪ್’ ಧಾತುವೇ ಮೂಲ. ಒಂದರಲ್ಲಿ ಅಂಗಾಂಗ, ಇನ್ನೊಂದರಲ್ಲಿ ಮಾತು ಎಸೆಯಲ್ಪಡುತ್ತದೆ.

ಈ ಪದಗಳ ಅಧ್ಯಯನ ಕೇವಲ ಭಾಷಿಕ ಕುತೂಹಲದ್ದಲ್ಲ. ಸುಶ್ರುತಸಂಹಿತೆಯ ‘ಧನುಸ್ತಂಭ’ ಹಾಗೂ ಕನ್ನಡದ ‘ಧನುರ್ವಾಯು’ ದೇಹವು ಬಿಲ್ಲಿನಂತೆ ಬಾಗುವ ಲಕ್ಷಣವನ್ನು ನಿಖರವಾಗಿ ಹಿಡಿದಿಡುತ್ತವೆ. ಆದರೆ ಹಸುಗೂಸಿನ ಸೆಳೆತಗಳಿಗೆ ಜನಪದರು ಬಳಸಿದ ‘ಬಾಲಗ್ರಹ’ ಎಂಬ ಹೆಸರು ಲಕ್ಷಣವನ್ನು ಬಿಟ್ಟು ಕಾರಣವನ್ನು ಹೇಳುತ್ತದೆ. ಮೊದಲ ಹೆಸರು ದೇಹವನ್ನು ನೋಡಲು ಹಚ್ಚಿದರೆ, ಎರಡನೆಯದು ತಾಯಿತ, ಅಂತ್ರಗಳತ್ತ ಕೊಂಡೊಯ್ದಿತು. ಭಾರತವು ತಾಯಿ ಹಾಗೂ ನವಜಾತ ಶಿಶುಗಳ ಧನುರ್ವಾಯು ನಿವಾರಣೆಯ ಮಾನ್ಯತೆ ಪಡೆದುದು 2015ರಲ್ಲಿ. ಲಸಿಕೆ, ಸುರಕ್ಷಿತ ಹೆರಿಗೆಗಳಿಂದ ಇದು ಸಾಧ್ಯವಾಯಿತು.

ಪಾರಿಭಾಷಿಕ ಕೋಶಗಳು ಇವೆಲ್ಲವನ್ನೂ ‘ಸ್ನಾಯುಸೆಳೆತ’ ಎಂಬ ಒಂದೇ ಪದದಡಿ ತಂದಾಗ ರೋಗಿಯ ನುಡಿಯಲ್ಲಿದ್ದ ಸೂಕ್ಷ್ಮ ಭೇದಗಳು ಮರೆಯಾಗುತ್ತವೆ. ಪ್ರದೇಶವಾರು ಬಳಕೆ ಮತ್ತು ಆಚರಣೆಯ ಸಂದರ್ಭಗಳೊಡನೆ ಈ ಪದಗಳನ್ನು ಸಂಗ್ರಹಿಸುವುದು ಜಾನಪದ ಹಾಗೂ ವೈದ್ಯ ಕ್ಷೇತ್ರಗಳೆರಡಕ್ಕೂ ಅಗತ್ಯವಾಗಿದೆ.