ಚಿಕ್ಕಪ್ಪ ಕೇಳಿದ ಲೆಕ್ಕ: ಮುಸ್ಲಿಮರು ಮತ್ತು ಉಗ್ರವಾದದ ಅಂಕಿಅಂಶ ಓದುವುದು ಹೇಗೆ?

ಕಳೆದ ತಿಂಗಳು ಕನಕಪುರ ತಾಲ್ಲೂಕಿನ ನಮ್ಮೂರಿಗೆ ಹೋಗಿದ್ದಾಗ ಚಿಕ್ಕಪ್ಪ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದರು. “ಇಂಜಿನಿಯರಿಂಗ್ ಓದಿರೋನು ನೀನು, ಈಗ ನ್ಯೂಸ್‌ನಲ್ಲಿ ಬೇರೆ ಇದೀಯ. ಇದು ನಿಜವೋ ಸುಳ್ಳೋ, ನೋಡಿ ಹೇಳು ಮಗ.”

ವಾಟ್ಸಪ್ ಫಾರ್ವರ್ಡ್. ಮೊದಲ ಸಾಲು ನೀವೂ ಓದಿರುವಂಥದ್ದೇ: ಎಲ್ಲ ಮುಸ್ಲಿಮರೂ ಭಯೋತ್ಪಾದಕರಲ್ಲ, ಆದರೆ ಎಲ್ಲ ಭಯೋತ್ಪಾದಕರೂ ಮುಸ್ಲಿಮರೇ. ಅದರ ಕೆಳಗೆ ಒಂದಷ್ಟು ಸಂಖ್ಯೆಗಳು. ಕೇರಳದಲ್ಲಿ 32 ಸಾವಿರ ಹುಡುಗಿಯರು, ಕರ್ನಾಟಕದಲ್ಲಿ ಇಷ್ಟು ಸಾವಿರ, ದೇಶದಲ್ಲಿ ಅಷ್ಟು. ಕೊನೆಗೆ, ‘ಅವರ ಜೊತೆ ವ್ಯಾಪಾರ ಬಿಡಿ’ ಅನ್ನುವ ಕರೆ.

ಚಿಕ್ಕಪ್ಪ ರೇಷ್ಮೆ ಬೆಳೆಗಾರರು. ಇಪ್ಪತ್ತು ವರ್ಷದಿಂದ ಅವರ ಗೂಡು ಹೋಗುವುದು ರಾಮನಗರದ ಮಾರುಕಟ್ಟೆಗೆ. ಅಲ್ಲಿ ಅವರ ಲಾಟ್ ಕೊಳ್ಳುವ ರೀಲರ್‌ಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಹಾಗಾಗಿ ಈ ಪ್ರಶ್ನೆ ಅವರಿಗೆ ಬರೀ ಟೈಂಪಾಸ್ ಚರ್ಚೆಯಲ್ಲ. ಜಿಲ್ಲೆಗೆ ಈಗ ಬೆಂಗಳೂರು ದಕ್ಷಿಣ ಅಂತ ಹೊಸ ಹೆಸರು ಬಂದಿದೆ ನಿಜ, ಬೆಳೆಯುವವರು ಮತ್ತು ನೂಲು ತೆಗೆಯುವವರು ಒಬ್ಬರನ್ನೊಬ್ಬರು ನಂಬಿ ಬದುಕುವ ವ್ಯವಸ್ಥೆಯಂತೂ ಹಳೆಯದೇ.

‘ಸುಳ್ಳು’ ಎಂದಷ್ಟೇ ಹೇಳಿ ನಾನು ಎದ್ದು ಬರಬಹುದಿತ್ತು. ಅದರಿಂದ ಯಾರ ಮನಸ್ಸೂ ಬದಲಾಗಲ್ಲ. ಅಲ್ಲದೆ ಇಂಥ ಫಾರ್ವರ್ಡ್‌ಗಳಲ್ಲಿ ಪೂರ್ತಿ ಸುಳ್ಳು ಕಡಿಮೆ. ನಿಜವಾದ ಒಂದು ಸಂಖ್ಯೆಯನ್ನು ಬೇರೆ ಪ್ರಶ್ನೆಗೆ ಉತ್ತರವಾಗಿ ಅಂಟಿಸಿರುತ್ತಾರೆ. ಆ ಅಂಟು ಬಿಡಿಸುವ ಕೆಲಸವನ್ನು ಒಂದೊಂದಾಗಿ ಮಾಡೋಣ.

ಸಂಖ್ಯೆ ಹುಟ್ಟಿದ್ದು ಎಲ್ಲಿ?

32 ಸಾವಿರದಿಂದಲೇ ಶುರು ಮಾಡೋಣ. 2022ರ ನವೆಂಬರ್‌ನಲ್ಲಿ ಬಂದ ‘ದಿ ಕೇರಳ ಸ್ಟೋರಿ’ ಸಿನಿಮಾದ ಟೀಸರ್‌ನಲ್ಲಿ ಈ ಸಂಖ್ಯೆ ಇತ್ತು. ನಿರ್ದೇಶಕರು ಇದಕ್ಕೆ ಆಧಾರವಾಗಿ ಹೇಳಿದ್ದು ಕೇರಳದ ಅಂದಿನ ಮುಖ್ಯಮಂತ್ರಿ ಉಮ್ಮನ್ ಚಾಂಡಿ ವಿಧಾನಸಭೆಯಲ್ಲಿ ಕೊಟ್ಟ ಮಾಹಿತಿಯನ್ನು: ವರ್ಷಕ್ಕೆ 2,800ರಿಂದ 3,200 ಹುಡುಗಿಯರು ಮತಾಂತರವಾಗುತ್ತಾರೆ, ಹತ್ತು ವರ್ಷಕ್ಕೆ ಲೆಕ್ಕ ಹಾಕಿ, 32 ಸಾವಿರ.

ಚಾಂಡಿ 2012ರಲ್ಲಿ ಹೇಳಿದ್ದು ಬೇರೆ. 2006ರಿಂದ ಅಲ್ಲಿಯವರೆಗೆ ಇಸ್ಲಾಂಗೆ ಮತಾಂತರವಾದ ಯುವತಿಯರು ಒಟ್ಟು 2,667. ಅದು ವರ್ಷದ ಲೆಕ್ಕವಲ್ಲ, ಆರು ವರ್ಷಗಳ ಲೆಕ್ಕ. ಬಲವಂತದ ಮತಾಂತರಕ್ಕೆ ಪುರಾವೆ ಇಲ್ಲ ಎಂದೂ ಅವರು ಹೇಳಿದ್ದರು.

ಇಲ್ಲಿ ಎರಡು ಕಡೆ ಲೆಕ್ಕ ಜಿಗಿದಿದೆ. ಒಟ್ಟು ಸಂಖ್ಯೆಯನ್ನು ವಾರ್ಷಿಕ ಸಂಖ್ಯೆ ಮಾಡಿದ್ದು ಮೊದಲನೆಯದು. ಎರಡನೆಯದು ಇನ್ನೂ ದೊಡ್ಡದು. ಮದುವೆಗೋ ನಂಬಿಕೆಗೋ ಧರ್ಮ ಬದಲಿಸಿದ ಹೆಣ್ಣುಮಗಳನ್ನು ಹಾಗೇ ‘ಐಸಿಸ್‌ಗೆ ಹೋದವಳು’ ಎಂದು ಎಣಿಸಿದ್ದು. 2016ರಲ್ಲಿ ಕಾಸರಗೋಡು, ಪಾಲಕ್ಕಾಡ್ ಕಡೆಯಿಂದ ಇಪ್ಪತ್ತರಷ್ಟು ಜನ, ಗಂಡಸರು ಹೆಂಗಸರು ಮಕ್ಕಳು ಸೇರಿ, ಅಫ್ಘಾನಿಸ್ತಾನದ ಐಸಿಸ್ ನೆಲೆಗೆ ಹೋದದ್ದು ನಿಜ. ಅದು ಗಂಭೀರ ಸಂಗತಿಯೇ. ಆದರೆ ಇಪ್ಪತ್ತಕ್ಕೂ ಮೂವತ್ತೆರಡು ಸಾವಿರಕ್ಕೂ ನಡುವೆ ಇರುವುದು ಸಣ್ಣಪುಟ್ಟ ಲೆಕ್ಕದ ತಪ್ಪಲ್ಲ. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮುಂದೆ ಸಿನಿಮಾದ ನಿರ್ಮಾಪಕರೇ ಒಪ್ಪಿಕೊಂಡರು: 32 ಸಾವಿರಕ್ಕೆ ಅಧಿಕೃತ ಆಧಾರವಿಲ್ಲ ಎಂದು ಸಿನಿಮಾದಲ್ಲಿ ಪ್ರಕಟಣೆ ಹಾಕುತ್ತೇವೆ ಅಂತ. ಚಿಕ್ಕಪ್ಪನ ಮೊಬೈಲಿಗೆ ಆ ಪ್ರಕಟಣೆ ಬಂದಿಲ್ಲ. ಟೀಸರ್‌ನ ಸಂಖ್ಯೆ ಮಾತ್ರ ಬಂದಿದೆ.

ಮೇಲಿನದು ಯಾವುದು, ಕೆಳಗಿನದು ಯಾವುದು?

ಕರ್ನಾಟಕದ್ದೇ ಒಂದು ಉದಾಹರಣೆ ಇದೆ, ಹೆಚ್ಚಿನವರು ಮರೆತಿದ್ದಾರೆ. 2009ರಲ್ಲಿ ಚಾಮರಾಜನಗರದ ಯುವತಿಯೊಬ್ಬರ ಮದುವೆ ಪ್ರಕರಣ ಹೈಕೋರ್ಟ್‌ಗೆ ಬಂತು. ರಾಜ್ಯದಲ್ಲಿ ‘ಲವ್ ಜಿಹಾದ್’ ಅನ್ನುವ ಸಂಘಟಿತ ಜಾಲ ಇದೆಯಾ, ತನಿಖೆ ಮಾಡಿ ಎಂದು ಕೋರ್ಟ್ ಹೇಳಿತು. ಆಗ ರಾಜ್ಯದಲ್ಲಿದ್ದದ್ದು ಬಿಜೆಪಿ ಸರ್ಕಾರ. ತನಿಖೆ ಮಾಡಿದ್ದು ಸಿಐಡಿ.

ಸಿಐಡಿ ಕೊಟ್ಟ ಲೆಕ್ಕ ಹೀಗಿತ್ತು. 2005ರಿಂದ 2009ರ ನಡುವೆ ರಾಜ್ಯದಲ್ಲಿ ಕಾಣೆಯಾದ ಯುವತಿಯರು 21,890. ಅವರಲ್ಲಿ ಬೇರೆ ಧರ್ಮದವರನ್ನು ಮದುವೆಯಾದವರು 229. ಮತಾಂತರ ನಡೆದದ್ದು 63 ಪ್ರಕರಣಗಳಲ್ಲಿ. ಸಂಘಟಿತ ಜಾಲಕ್ಕೆ ಪುರಾವೆ ಸಿಗಲಿಲ್ಲ.

ಈಗ ಭಾಗಾಕಾರ ಮಾಡಿ. ಕಾಣೆಯಾದ ನೂರು ಜನರಲ್ಲಿ ಅಂತರ್ಧರ್ಮೀಯ ಮದುವೆಯಾದವರು ಸುಮಾರು ಒಬ್ಬರು. ಮತಾಂತರ ಸಾವಿರಕ್ಕೆ ಮೂರರಷ್ಟು. ಈ 229ರಲ್ಲಿ ಎಲ್ಲ ಧರ್ಮಗಳ ಜೋಡಿಗಳೂ ಸೇರಿವೆ. ಭಾಷಣದಲ್ಲಿ ಬಳಕೆಯಾಗುವುದು ಮಾತ್ರ ದೊಡ್ಡ ಸಂಖ್ಯೆ, ಅಂದರೆ 21,890. ‘ಇಷ್ಟು ಸಾವಿರ ಹುಡುಗಿಯರು ಕಾಣೆಯಾಗಿದ್ದಾರೆ’ ಅಂದು ಸುಮ್ಮನಾದರೆ ಸಾಕು, ಉಳಿದದ್ದನ್ನು ಕೇಳುವವನ ತಲೆಯೇ ತುಂಬಿಕೊಳ್ಳುತ್ತದೆ. ಉಳಿದ ನೂರಕ್ಕೆ ತೊಂಬತ್ತೊಂಬತ್ತು ಹೆಣ್ಣುಮಕ್ಕಳು ಯಾಕೆ ಕಾಣೆಯಾದರು ಅನ್ನುವ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲ್ಲ.

ಗೊಂಬೆ ಮತ್ತು ಚನ್ನಪಟ್ಟಣ

ಇನ್ನು ಫಾರ್ವರ್ಡ್‌ನ ಮೊದಲ ಸಾಲು. ಅದರ ಎರಡನೇ ಅರ್ಧವೇ ತಪ್ಪು. ರಾಜೀವ್ ಗಾಂಧಿಯನ್ನು ಕೊಂದದ್ದು ಎಲ್‌ಟಿಟಿಇ. ದಶಕಗಳ ಕಾಲ ಪೊಲೀಸರನ್ನು, ಆದಿವಾಸಿಗಳನ್ನು ಕೊಂದ ಮಾವೋವಾದಿಗಳು ಮುಸ್ಲಿಂ ಸಂಘಟನೆಯಲ್ಲ. ಗೌರಿ ಲಂಕೇಶ್ ಕೊಲೆ ಕೇಸಿನಲ್ಲಿ ಎಸ್‌ಐಟಿ ಚಾರ್ಜ್‌ಶೀಟ್ ಹಾಕಿದ್ದು ತೀವ್ರ ಹಿಂದುತ್ವದ ಗುಂಪಿನವರು ಎನ್ನಲಾದವರ ಮೇಲೆ.

ಆದರೆ ಅದಕ್ಕಿಂತ ಮುಖ್ಯವಾದದ್ದು ಆ ಸಾಲು ನಮ್ಮ ತಲೆಯೊಳಗೆ ಮಾಡುವ ಕೆಲಸ. ಕಾಲೇಜಿನಲ್ಲಿ ಪ್ರಾಬಬಿಲಿಟಿ ಪೇಪರ್ ಪಾಸಾಗಲು ಬೇಯ್ಸ್ ಪ್ರಮೇಯವನ್ನು ಬಾಯಿಪಾಠ ಮಾಡಿದ್ದೆ, ಅರ್ಥ ಆಗಿರಲಿಲ್ಲ. ಈಗ ಅದನ್ನು ನಮ್ಮ ಜಿಲ್ಲೆಯ ಲೆಕ್ಕದಲ್ಲೇ ಹೇಳಬಲ್ಲೆ. ಚನ್ನಪಟ್ಟಣದ ಗೊಂಬೆ ಮಾಡುವವರಲ್ಲಿ ಬಹುತೇಕರು ಚನ್ನಪಟ್ಟಣದ ಕಡೆಯವರೇ. ಹಾಗಂತ ಚನ್ನಪಟ್ಟಣದವರೆಲ್ಲ ಗೊಂಬೆ ಮಾಡ್ತಾರಾ? ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮೊದಲು ಸಿಕ್ಕವರನ್ನು ‘ಒಂದು ಕುದುರೆ ಮಾಡಿಕೊಡಿ’ ಅಂತ ಕೇಳಿದರೆ ನಗುತ್ತಾರೆ. ‘ಗೊಂಬೆ ಮಾಡುವವರಲ್ಲಿ ಎಷ್ಟು ಜನ ಈ ಊರಿನವರು’ ಮತ್ತು ‘ಈ ಊರಿನವರಲ್ಲಿ ಎಷ್ಟು ಜನ ಗೊಂಬೆ ಮಾಡುತ್ತಾರೆ’ ಎರಡೂ ಬೇರೆ ಬೇರೆ ಪ್ರಶ್ನೆ.

ಐಸಿಸ್ ವಿಚಾರದಲ್ಲೂ ಹಾಗೆಯೇ. ಅದರಲ್ಲಿರುವವರೆಲ್ಲ ಮುಸ್ಲಿಮರು, ಯಾಕಂದರೆ ಅದು ಸೇರಿಸಿಕೊಳ್ಳುವುದೇ ಅವರನ್ನು. ಎರಡನೇ ಪ್ರಶ್ನೆಗೆ ಉತ್ತರ ಬೇಕಾದರೆ ಭಾಗಾಕಾರ ಬೇಕು. 2019ರ ಜೂನ್‌ನಲ್ಲಿ ಕೇಂದ್ರ ಗೃಹ ಇಲಾಖೆ ಲೋಕಸಭೆಗೆ ಹೇಳಿದ್ದು: ಐಸಿಸ್ ನಂಟಿನ ಆರೋಪದಲ್ಲಿ ಎನ್‌ಐಎ ಮತ್ತು ರಾಜ್ಯಗಳ ಪೊಲೀಸರು ಅಲ್ಲಿಯವರೆಗೆ ಬಂಧಿಸಿದವರು 155. 2011ರ ಜನಗಣತಿ ಪ್ರಕಾರ ದೇಶದಲ್ಲಿ ಮುಸ್ಲಿಮರು 17.22 ಕೋಟಿ. ಅಂದರೆ ಸುಮಾರು ಹನ್ನೊಂದು ಲಕ್ಷಕ್ಕೆ ಒಬ್ಬರು. ‘ಪೊಲೀಸರಿಗೆ ಸಿಗದವರು ಹತ್ತು ಪಟ್ಟು ಇರಬಹುದು’ ಅಂತೀರಾ? ಆಯ್ತು, ಹತ್ತರಿಂದ ಗುಣಿಸಿ. ಒಂದು ಲಕ್ಷಕ್ಕೆ ಒಬ್ಬರು ಆಗುತ್ತದೆ. ಚಿಕ್ಕಪ್ಪ ಮಾರುಕಟ್ಟೆಯಲ್ಲಿ ಜೀವಮಾನವಿಡೀ ಭೇಟಿಯಾಗುವ ಮುಸ್ಲಿಮರ ಸಂಖ್ಯೆ ಅದರ ಹತ್ತಿರಕ್ಕೂ ಬರಲ್ಲ.

2020ರ ಜುಲೈನಲ್ಲಿ ವಿಶ್ವಸಂಸ್ಥೆಯ ವರದಿಯೊಂದು ಕೇರಳ ಮತ್ತು ಕರ್ನಾಟಕದಲ್ಲಿ ಐಸಿಸ್‌ನವರು ‘ಗಣನೀಯ ಸಂಖ್ಯೆ’ಯಲ್ಲಿದ್ದಾರೆ ಎಂದಾಗ ದೊಡ್ಡ ಸುದ್ದಿಯಾಯಿತು. ಎರಡು ತಿಂಗಳ ನಂತರ ಸಂಸತ್ತಿನಲ್ಲಿ ‘ಅದು ವಾಸ್ತವವಲ್ಲ’ ಎಂದು ಉತ್ತರ ಕೊಟ್ಟದ್ದು ಮೋದಿ ಸರ್ಕಾರದ್ದೇ ಗೃಹ ಇಲಾಖೆ. ಅದು ಸುದ್ದಿಯಾಗಿದ್ದು ಕಡಿಮೆ.

ನಮ್ಮ ಕಡೆಯ ತಪ್ಪುಗಳು

ಇಲ್ಲಿಗೆ ನಿಲ್ಲಿಸಿದರೆ ಈ ಲೇಖನವೂ ಒಂದು ಫಾರ್ವರ್ಡ್ ಆಗಿಬಿಡುತ್ತದೆ. ಯಾಕಂದರೆ ನಮ್ಮಂಥವರೂ ಸಂಖ್ಯೆಗಳನ್ನು ತಿರುಚುತ್ತೇವೆ.

ಒಂದು: ‘ಹನ್ನೊಂದು ಲಕ್ಷಕ್ಕೆ ಒಬ್ಬ, ಅಂದಮೇಲೆ ಸಮಸ್ಯೆಯೇ ಇಲ್ಲ’ ಅನ್ನುವುದು. 2022ರ ನವೆಂಬರ್‌ನಲ್ಲಿ ಮಂಗಳೂರಿನ ಆಟೋದಲ್ಲಿ ಸ್ಫೋಟಗೊಂಡ ಕುಕ್ಕರ್ ಬಾಂಬ್‌ಗಾಗಲಿ, 2024ರ ಮಾರ್ಚ್ 1ರ ರಾಮೇಶ್ವರಂ ಕೆಫೆ ಸ್ಫೋಟಕ್ಕಾಗಲಿ ಲಕ್ಷ ಜನ ಬೇಕಿರಲಿಲ್ಲ. ನಾಲ್ಕೈದು ಜನ ಸಾಕು. ಅಪಾಯ ನಿಜ. ಆದರೆ ಆ ಅಪಾಯವನ್ನು ತಡೆಯುವುದು ಆ ನಾಲ್ಕೈದು ಜನರನ್ನು ಹುಡುಕುವ ಪೊಲೀಸ್ ಕೆಲಸ. ಗೂಡು ಕೊಳ್ಳುವ ರೀಲರ್ ಮೇಲೆ ಅನುಮಾನ ಪಟ್ಟರೆ ಆ ನಾಲ್ವರು ಸಿಗುವುದಿಲ್ಲ.

ಎರಡು: ಯುಎಪಿಎ ಲೆಕ್ಕ. 2016ರಿಂದ 2020ರ ನಡುವೆ ಈ ಕಾಯ್ದೆಯಡಿ ಆರೋಪಿಗಳಾದವರು 24,134, ಶಿಕ್ಷೆಯಾದವರು 212, ಖುಲಾಸೆಯಾದವರು 386 ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತ್ತು. ‘ನೂರಕ್ಕೆ ಒಬ್ಬರೂ ಅಪರಾಧಿಗಳಲ್ಲ’ ಎಂದು ನಾನೇ ಒಮ್ಮೆ ಪೋಸ್ಟ್ ಹಾಕಿದ್ದೆ. ತಪ್ಪು ಅದು. ಬಹುಪಾಲು ಕೇಸುಗಳು ಇನ್ನೂ ತೀರ್ಮಾನವೇ ಆಗಿಲ್ಲ, ಅವನ್ನು ಛೇದದಲ್ಲಿ ಹಾಕಿ ಶಿಕ್ಷೆಯ ಪ್ರಮಾಣ ತೆಗೆಯುವಂತಿಲ್ಲ. ತೀರ್ಮಾನವಾದವರು 598 ಜನ. ಅವರಲ್ಲಿ ಶಿಕ್ಷೆಯಾದದ್ದು ನೂರಕ್ಕೆ 35ರಷ್ಟು. ಅಲ್ಲದೆ ಈ ಆರೋಪಿಗಳೆಲ್ಲ ಮುಸ್ಲಿಮರೂ ಅಲ್ಲ. ಈ ಅಂಕಿ ನಿಜವಾಗಿ ಹೇಳುವುದು ಎರಡು ಮಾತು: ಬಂಧನವಾದ ಮಾತ್ರಕ್ಕೆ ಅಪರಾಧಿಯಲ್ಲ, ಮತ್ತು ತೀರ್ಪಿಗೆ ಮೊದಲೇ ಸಾವಿರಾರು ಜನರ ಆಯಸ್ಸು ಕಳೆಯುತ್ತಿದೆ. ಅಷ್ಟೇ ಸಾಕಷ್ಟು ಗಟ್ಟಿಯಾದ ವಾದ. ಅದನ್ನು ಉಬ್ಬಿಸುವ ಅಗತ್ಯ ಇರಲಿಲ್ಲ.

ಯಾರನ್ನು ಎಣಿಸುತ್ತಾರೆ, ಯಾರನ್ನು ಬಿಡುತ್ತಾರೆ?

2017ರ ಜುಲೈನಲ್ಲಿ ಸಂಸದೆ ಶೋಭಾ ಕರಂದ್ಲಾಜೆ ಅಂದಿನ ಗೃಹ ಸಚಿವ ರಾಜನಾಥ್ ಸಿಂಗ್ ಅವರಿಗೆ ಪತ್ರ ಬರೆದರು. ಕರ್ನಾಟಕದಲ್ಲಿ ಜಿಹಾದಿಗಳಿಂದ ಕೊಲೆಯಾದ ಹಿಂದೂ ಕಾರ್ಯಕರ್ತರು ಎಂದು 23 ಹೆಸರುಗಳ ಪಟ್ಟಿ. ಪತ್ರಕರ್ತರು ಹೋಗಿ ನೋಡಿದರೆ ಪಟ್ಟಿಯ ಮೊದಲ ಹೆಸರಿನ ವ್ಯಕ್ತಿ ಮೂಡುಬಿದಿರೆ ಕಡೆ ಬದುಕಿದ್ದರು! ಹಲ್ಲೆಗೊಳಗಾಗಿ ಉಳಿದುಕೊಂಡವರು ಅವರು. ಆತ್ಮಹತ್ಯೆಗಳೂ ಪಟ್ಟಿಯಲ್ಲಿದ್ದವು. ಮುಸ್ಲಿಂ ಸಂಘಟನೆಗಳ ನಂಟಿದ್ದವರು ಆರೋಪಿಗಳಾದ ನಿಜವಾದ ಕೊಲೆಗಳೂ ಇದ್ದವು. ಅವುಗಳಿಗೆ ನ್ಯಾಯ ಕೇಳಲು ಬದುಕಿರುವವರನ್ನು ಸೇರಿಸಿ 23 ಮಾಡಬೇಕಿರಲಿಲ್ಲ.

ಈಗ ನಮ್ಮ ತಾಲ್ಲೂಕಿಗೆ ಬನ್ನಿ. 2023ರ ಮಾರ್ಚ್ 31ರ ರಾತ್ರಿ ಸಾತನೂರು ಬಳಿ ಜಾನುವಾರು ಸಾಗಿಸುತ್ತಿದ್ದ ವಾಹನವನ್ನು ಗೋರಕ್ಷಕರೆಂದು ಹೇಳಿಕೊಂಡವರು ತಡೆದರು. ಅದರಲ್ಲಿದ್ದ ಮಂಡ್ಯದ ಮುಸ್ಲಿಂ ವ್ಯಕ್ತಿಯೊಬ್ಬರ ಶವ ಮರುದಿನ ಬೆಳಿಗ್ಗೆ ಸಿಕ್ಕಿತು. ಕೊಲೆ ಕೇಸು ದಾಖಲಾಯಿತು. ಆರೋಪಿಗಳನ್ನು ರಾಜಸ್ಥಾನದಲ್ಲಿ ಹಿಡಿದು ತಂದರು, ಆಮೇಲೆ ಜಾಮೀನು ಸಿಕ್ಕಿತು.

ಗೋರಕ್ಷಣೆ ಹೆಸರಿನ ಹಿಂಸೆಗೆ ದೇಶದಲ್ಲಿ ಎಷ್ಟು ಜನ ಬಲಿಯಾಗಿದ್ದಾರೆ? ಸರ್ಕಾರದ ಬಳಿ ಆ ಲೆಕ್ಕ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಅಂದರೆ ಎನ್‌ಸಿಆರ್‌ಬಿ, 2017ರಲ್ಲಿ ಗುಂಪುಹತ್ಯೆ ಮತ್ತು ದ್ವೇಷಾಪರಾಧಗಳ ಮಾಹಿತಿ ಕಲೆಹಾಕಿತ್ತು. ಆ ಮಾಹಿತಿ ನಂಬಲರ್ಹವಲ್ಲ ಎಂದು ಪ್ರಕಟಿಸದೆ, ಮುಂದೆ ಸಂಗ್ರಹಿಸುವುದನ್ನೇ ನಿಲ್ಲಿಸಲಾಯಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 103(2)ನೇ ಕಲಂ, ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಸಮುದಾಯದಂಥ ಕಾರಣಕ್ಕೆ ಮಾಡುವ ಕೊಲೆಯನ್ನು ಪ್ರತ್ಯೇಕ ಅಪರಾಧ ಮಾಡಿದೆ. ಸಾತನೂರಿನ ಸಾವು ಅದಕ್ಕಿಂತ ಹದಿನೈದು ತಿಂಗಳು ಹಿಂದಿನದು.

ಬದುಕಿದ್ದವರೊಬ್ಬರು ಒಂದು ಪಟ್ಟಿಯಲ್ಲಿ ಸತ್ತವರಾದರು. ಸತ್ತವರೊಬ್ಬರಿಗೆ ಯಾವ ಪಟ್ಟಿಯಲ್ಲೂ ಕಾಲಂ ಇಲ್ಲ. ನಾಳೆ ಯಾರೋ ‘ಅಂಕಿಅಂಶ ನೋಡಿ, ಉಗ್ರವಾದ ಯಾರದ್ದು ಗೊತ್ತಾಗುತ್ತೆ’ ಅಂದಾಗ, ಎಣಿಸದೆ ಬಿಟ್ಟದ್ದು ಎಷ್ಟು ಅಂತಲೂ ಕೇಳಬೇಕು.

ಒಂದು ಹಿಡಿ ಗೂಡು

ಚಿಕ್ಕಪ್ಪನಿಗೆ ಇದನ್ನೆಲ್ಲ ಬೇಯ್ಸ್ ಹೆಸರು ಹೇಳಿ ವಿವರಿಸಲಿಲ್ಲ. ಅವರಿಗೇ ಗೊತ್ತಿರುವ ಒಂದು ವಿಷಯ ಕೇಳಿದೆ: “ಮಾರ್ಕೆಟ್‌ನಲ್ಲಿ ನಿಮ್ಮ ಲಾಟ್‌ನಿಂದ ಎರಡು ಜಾಳು ಗೂಡು ಆರಿಸಿ ಎತ್ತಿ ಹಿಡಿದು, ಇಡೀ ಲಾಟ್ ಹೀಗೇ ಇದೆ ಅಂತ ಯಾರಾದರೂ ರೇಟು ಇಳಿಸಿದರೆ?”

“ಬಿಡ್ತೀನಾ? ಕೈಹಾಕಿ ತಳದಿಂದ ಒಂದು ಹಿಡಿ ತೆಗಿ, ಆಮೇಲೆ ಮಾತಾಡು ಅಂತೀನಿ. ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಹೋಗುತ್ತೆ ಅನ್ನೋ ರೆಂಡಿಟ್ಟ ಲೆಕ್ಕ ನಂಗೂ ಗೊತ್ತು.”

“ಈ ಫಾರ್ವರ್ಡ್ ಮಾಡಿರೋದೂ ಅದೇ, ಚಿಕ್ಕಪ್ಪ.”

ಅವರು ಸ್ವಲ್ಪ ಹೊತ್ತು ಮೊಬೈಲ್ ನೋಡಿದರು. ಒಪ್ಪಿಕೊಂಡೆ ಅಂತ ಹೇಳಲಿಲ್ಲ, ಮೆಸೇಜ್ ಡಿಲೀಟೂ ಮಾಡಲಿಲ್ಲ. “ಹಂಗಾದ್ರೆ ಆ 32 ಸಾವಿರ ಮಾಡಿದೋನು ಯಾರು?” ಅಂತ ಕೇಳಿದರು. ನಾನು ಮೇಲಿನ ಕಥೆ ಹೇಳತೊಡಗಿದೆ. ಮುಂದಿನ ವಾರ ಅವರ ಮನೆಯಲ್ಲಿ ಚಂದ್ರಿಕೆಯಿಂದ ಗೂಡು ಬಿಡಿಸುತ್ತಾರೆ. ಲಾಟ್ ರಾಮನಗರಕ್ಕೇ ಹೋಗುತ್ತದೆ.